ಫಿನೀಷಿಯನ್ನರು, ನಿಟ್ಟೂರಿನ ಬಂಡೆ ಮತ್ತು ನಮ್ಮ ಐನೂರ್ವರು

"ಫಿನೀಷಿಯನ್ನರು ಬೇರೆ ಯಾರೂ ಅಲ್ಲ, ನಮ್ಮ ಋಗ್ವೇದದ ಪಣಿಗಳೇ!" ಅನ್ನೋ ಸಂದೇಶ ಆಗಾಗ ನನ್ನ ಮೊಬೈಲಿಗೆ ಬಂದು ಬೀಳುತ್ತಿರುತ್ತದೆ. ವಾದ ಹೊಸದೇನಲ್ಲ. ಅವಿನಾಶ್ ಚಂದ್ರ ದಾಸ್ ಎಂಬ ವಿದ್ವಾಂಸರು 1921ರಲ್ಲೇ 'ಋಗ್ವೇದಿಕ್ ಇಂಡಿಯಾ' ಪುಸ್ತಕದಲ್ಲಿ ಹೀಗೆ ವಾದಿಸಿದ್ದರು. ಪಣಿಗಳು ಎಂದರೆ ಸರಮೆಯ ಕಥೆಯಲ್ಲಿ ಹಸುಗಳನ್ನು ಬಚ್ಚಿಟ್ಟವರು. ಪಣಿ, ವಣಿಕ, ಫಿನೀಷಿಯ... ಕೇಳಲು ಚೆನ್ನಾಗಿದೆ, ಅಲ್ಲವೇ?

ಆದರೆ ಒಂದು ತೊಡಕಿದೆ. ಫಿನೀಷಿಯನ್ನರು ಅನ್ನೋದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ, ಗ್ರೀಕರು ಇಟ್ಟದ್ದು. ಕಡಲ ಬಸವನಹುಳುವಿನಿಂದ ಅವರು ತೆಗೆಯುತ್ತಿದ್ದ ಕೆನ್ನೇರಳೆ ಬಣ್ಣಕ್ಕೂ ಆ ಹೆಸರಿಗೂ ನಂಟಿದೆ ಅಂತಾರೆ. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಊರಿನ ಹೆಸರಿನಿಂದ: ಟೈರ್‌ನವರು, ಸೈಡನ್‌ನವರು, ಹೀಗೆ. ಪಕ್ಕದ ಬೀದಿಯವರು ಇಟ್ಟ ಅಡ್ಡಹೆಸರು ಹಿಡಿದು ಒಬ್ಬನ ಕುಲ ಹುಡುಕೋಕೆ ಆಗುತ್ತಾ?

ಅವರಿದ್ದದ್ದು ಈಗಿನ ಲೆಬನಾನ್ ಕರಾವಳಿಯಲ್ಲಿ. ಬೆನ್ನಿಗೆ ಬೆಟ್ಟ, ಮುಂದೆ ಸಮುದ್ರ, ನಡುವೆ ಕಿರಿದಾದ ನೆಲ. ಬೆಟ್ಟದಲ್ಲಿ ಒಳ್ಳೆಯ ದೇವದಾರು ಇತ್ತು. ಅದರಿಂದ ಹಡಗು ಕಟ್ಟಿದರು, ಮೆಡಿಟರೇನಿಯನ್ ತುಂಬ ಓಡಾಡಿದರು. ಆಫ್ರಿಕಾದ ಕಾರ್ತೇಜ್ ಅವರು ನೆಲೆಸಿ ಬೆಳೆಸಿದ ಊರು. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನೆಲಸಮ ಮಾಡಿದರು.

ಹೆರೊಡೋಟಸ್ ಹೇಳುವ ಒಂದು ಕಥೆ ನನಗೆ ಬಹಳ ಇಷ್ಟ. ಕ್ರಿ.ಪೂ. 600ರ ಸುಮಾರಿಗೆ ಈಜಿಪ್ಟಿನ ದೊರೆ ನೆಕೋ ಫಿನೀಷಿಯನ್ ನಾವಿಕರನ್ನು ಆಫ್ರಿಕಾ ಸುತ್ತಿ ಬರಲು ಕಳಿಸಿದನಂತೆ. ಅವರು ಕೆಂಪು ಸಮುದ್ರದಿಂದ ಹೊರಟರು. ದಾರಿಯಲ್ಲಿ ದಡಕ್ಕಿಳಿದು ಬಿತ್ತಿ, ಬೆಳೆದು, ಕೊಯ್ದುಕೊಂಡು ಮುಂದೆ ಹೋದರು. ಮೂರನೇ ವರ್ಷಕ್ಕೆ ಜಿಬ್ರಾಲ್ಟರ್ ಕಡೆಯಿಂದ ವಾಪಸಾದರು. "ಆಫ್ರಿಕಾ ಸುತ್ತುವಾಗ ಸೂರ್ಯ ನಮ್ಮ ಬಲಗಡೆ ಇದ್ದ" ಎಂದರಂತೆ. ಇದನ್ನು ಮಾತ್ರ ನಾನು ನಂಬಲ್ಲ ಅಂತ ಬರೆದ ಹೆರೊಡೋಟಸ್. ಆದರೆ ಭೂಮಧ್ಯರೇಖೆ ದಾಟಿ ಪಡುವಣಕ್ಕೆ ಸಾಗುವವರಿಗೆ ಮಧ್ಯಾಹ್ನದ ಸೂರ್ಯ ಬಲಕ್ಕೇ ಕಾಣಬೇಕು! ಅವನು ನಂಬದೆ ಬಿಟ್ಟ ಮಾತೇ ಇವತ್ತು ಆ ಯಾನಕ್ಕೆ ದೊಡ್ಡ ಸಾಕ್ಷಿ.

ಸರಿ, ಅವರಿಗೂ ಬಳ್ಳಾರಿ ಸೀಮೆಗೂ ಏನು ಸಂಬಂಧ? ರಕ್ತದ್ದಂತೂ ಅಲ್ಲ. ಅಕ್ಷರದ್ದು ಇರಬಹುದು.

ಫಿನೀಷಿಯನ್ನರ ಲಿಪಿಯಲ್ಲಿ ಇದ್ದದ್ದು 22 ಅಕ್ಷರ, ಎಲ್ಲಾ ವ್ಯಂಜನಗಳೇ. ಅದರಿಂದ ಒಂದು ಕಡೆ ಗ್ರೀಕ್ ಲಿಪಿ, ಇನ್ನೊಂದು ಕಡೆ ಅರಾಮಿಕ್ ಲಿಪಿ ಹುಟ್ಟಿದವು. ಅರಾಮಿಕ್ ಪರ್ಷಿಯಾ ಸಾಮ್ರಾಜ್ಯದ ಕಚೇರಿ ಬರಹವಾಗಿ ನಮ್ಮ ವಾಯವ್ಯದ ಗಡಿಯವರೆಗೂ ಬಂತು. 1958ರಲ್ಲಿ ಕಂದಹಾರದಲ್ಲಿ ಸಿಕ್ಕ ಅಶೋಕನ ಶಾಸನ ಗ್ರೀಕ್ ಮತ್ತು ಅರಾಮಿಕ್ ಎರಡರಲ್ಲೂ ಇದೆ. ಬ್ರಾಹ್ಮಿ ಲಿಪಿ ರೂಪುಗೊಂಡದ್ದರಲ್ಲಿ ಅರಾಮಿಕ್ಕಿನ ಪಾಲಿದೆ ಅನ್ನೋದು ಬಹಳ ವಿದ್ವಾಂಸರ ಅಭಿಪ್ರಾಯ. ಒಪ್ಪದವರೂ ಇದ್ದಾರೆ. ಗ್ರೀಕರು ಸ್ವರಗಳಿಗೆ ಬೇರೆ ಅಕ್ಷರ ಮಾಡಿಕೊಂಡರು. ನಮ್ಮವರು ವ್ಯಂಜನಕ್ಕೇ ತಲೆಕಟ್ಟು, ಗುಡಿಸು, ಕೊಂಬು ಹಚ್ಚಿದರು. ಕಾಗುಣಿತ ನಮ್ಮ ಕಡೆಯವರ ಬುದ್ಧಿವಂತಿಕೆ, ಅದರಲ್ಲಿ ಅನುಮಾನ ಬೇಡ.

ಆ ಬ್ರಾಹ್ಮಿಯನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನ ಬಂಡೆಯ ಮೇಲಿದೆ. ಹೆಚ್ಚಿನ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಎಂದಿದ್ದರೆ, ಇಲ್ಲಿ ಅಶೋಕ ಎಂಬ ಹೆಸರೇ ಇದೆ. ಮಸ್ಕಿಯ ಹಾಗೆ. ಭಾಷೆ ಪ್ರಾಕೃತ. ಆದರೆ ನೀವು ಈಗ ಓದುತ್ತಿರುವ ಕನ್ನಡ ಅಕ್ಷರಗಳ ಮುತ್ತಜ್ಜಿ ಆ ಬಂಡೆಯ ಮೇಲಿದ್ದಾಳೆ.

ಹಾಗಾದರೆ ಕಡಲು ದಾಟಿದವರು ನಮ್ಮಲ್ಲಿ ಇರಲೇ ಇಲ್ಲವಾ? ಇದ್ದರು. ಅದಕ್ಕೆ ಪಣಿಗಳನ್ನು ಎಳೆದು ತರಬೇಕಾಗಿಲ್ಲ. ಅಯ್ಯಾವೊಳೆಯ ಐನೂರ್ವರು ಇದ್ದಾರೆ. ಅಯ್ಯಾವೊಳೆ ಅಂದರೆ ನಮ್ಮ ಐಹೊಳೆ. ಅಲ್ಲಿಂದ ಹೆಸರು ಪಡೆದ ಈ ವರ್ತಕರ ಸಂಘ ದಕ್ಷಿಣದ ಉದ್ದಗಲಕ್ಕೂ ಹರಡಿತು. 11ನೇ ಶತಮಾನದ ಶಾಸನಗಳಲ್ಲಿ ಅವರು ತಮ್ಮನ್ನು ಬಣಂಜು ಧರ್ಮ ಕಾಯುವವರು, ನಾನಾ ದೇಶ ಸುತ್ತುವವರು, ನೆಲದ ದಾರಿಯಲ್ಲೂ ನೀರಿನ ದಾರಿಯಲ್ಲೂ ನಡೆಯುವವರು ಅಂತ ಹೊಗಳಿಕೊಳ್ಳುತ್ತಾರೆ. ಮುತ್ತು, ಕರ್ಪೂರ, ಕಸ್ತೂರಿ, ಗಂಧ, ಏಲಕ್ಕಿ ಅವರ ಸರಕು. ಎತ್ತು, ಕೋಣ, ಕತ್ತೆ ಅವರ ಗಾಡಿ ಘೋಡಾ! ಬೌಧಾಯನ ಧರ್ಮಸೂತ್ರ ಕಡಲಯಾನವನ್ನು ಪಾಪದ ಪಟ್ಟಿಗೆ ಸೇರಿಸಿತ್ತು. ಇವರಿಗೆ ಅದೇ ಬಿರುದು.

ಸುಮಾತ್ರಾದ ಬಾರೂಸ್‌ನಲ್ಲಿ ಇವರ ಹೆಸರಿನ ಶಾಸನವೊಂದು ಸಿಕ್ಕಿದೆ. ಕಾಲ ಕ್ರಿ.ಶ. 1088. ಹಡಗಿನ ನಾಯಕರು ಕಸ್ತೂರಿಯ ಬೆಲೆಗೆ ತಕ್ಕಂತೆ ಚಿನ್ನದಲ್ಲಿ ಸುಂಕ ಕೊಡಬೇಕು ಅಂತ ಅದರಲ್ಲಿದೆ. ಬಾರೂಸ್ ಕರ್ಪೂರಕ್ಕೆ ಹೆಸರಾದ ರೇವು.

ಇಲ್ಲೊಂದು ಮಾತು ಹೇಳಲೇಬೇಕು. ಬಾರೂಸ್ ಶಾಸನ ಇರುವುದು ತಮಿಳಿನಲ್ಲಿ. ಸಂಘದ ಹೆಸರು ನಮ್ಮ ಐಹೊಳೆಯದಾದರೂ ಅಲ್ಲಿ ವ್ಯವಹಾರ ನಡೆಸಿದವರು ತಮಿಳರು. "ಕನ್ನಡಿಗರು ಸಮುದ್ರ ಆಳಿದರು" ಅಂತ ಇನ್ನೊಂದು ಸಂದೇಶ ತಯಾರಿಸೋಕೆ ಇದನ್ನು ಬಳಸಬೇಡಿ, ದಯವಿಟ್ಟು.

ನಮ್ಮ ಪಾಲು ಬೇರೆ ಥರದ್ದು. ಕುರುಗೋಡು 12ನೇ ಶತಮಾನದಲ್ಲಿ ಬಲ್ಲಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿ. ಇಂಥ ಒಳನಾಡಿನ ಪಟ್ಟಣಗಳ ಸಂತೆ, ಸೆಟ್ಟರು, ದೇವಸ್ಥಾನಕ್ಕೆ ಬಿಟ್ಟ ಸುಂಕ, ಹೇರೆತ್ತಿನ ಸಾಲು ಇಲ್ಲದೇ ಹೋಗಿದ್ದರೆ ರೇವಿನಲ್ಲಿ ಇಳಿದ ಕರ್ಪೂರವನ್ನು ಕೊಳ್ಳುವವರು ಯಾರು? ತುಂಗಭದ್ರೆಯ ಹರಿಗೋಲು ಬಿಟ್ಟರೆ ಬೇರೆ ಹಡಗು ಕಾಣದ ಸೀಮೆ ನಮ್ಮದು. ಆದರೂ ಸಮುದ್ರದ ವ್ಯಾಪಾರದ ಅರ್ಧ ದಾರಿ ನಮ್ಮ ಎರೆಮಣ್ಣಿನಂಥ ನೆಲದ ಮೇಲೇ ಇತ್ತು.

ರಾಜರು ಗೆದ್ದ ಯುದ್ಧಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು ನಾವು. ಕಸ್ತೂರಿ, ಕರ್ಪೂರದ ಹೇರು ಹೊತ್ತವರ ಬಗ್ಗೆ ಒಂದು ಪ್ಯಾರಾ ಓದಿದ ನೆನಪಿಲ್ಲ. ನಿಮ್ಮೂರ ಗುಡಿಯ ಶಾಸನದಲ್ಲಿ 'ಐನೂರ್ವರು', 'ನಾನಾದೇಶಿ', 'ಬಣಂಜು' ಅಂತೇನಾದರೂ ಕಂಡರೆ ದಯವಿಟ್ಟು ನಿಮ್ಮ ಬ್ಲಾಗಿನಲ್ಲಿ ಒಂದು ಫೋಟೋ ಹಾಕಿ. ಕಾಯ್ತಿರ್ತೀನಿ.