ಉಪಮಾನದಿಂದ ರಂಗಕ್ಕೆ ಬಂದ ಹೆಂಗಸು

ಎಂ.ಎ. ಇಂಗ್ಲಿಷ್ ಓದುತ್ತಿದ್ದ ಕಾಲದಲ್ಲಿ ಹೋಮರನ ಉಪಮೆಯೆಂದರೆ ನಮಗೆ ಐದು ಅಂಕದ ಟಿಪ್ಪಣಿ. ಹೋಲಿಕೆ ದೀರ್ಘವಾಗಿರುತ್ತದೆ, ತಾನೇ ಒಂದು ಸ್ವತಂತ್ರ ಚಿತ್ರವಾಗಿ ಬೆಳೆಯುತ್ತದೆ, ಮಿಲ್ಟನ್ ಇದನ್ನು ಅನುಸರಿಸಿದ; ಇಷ್ಟು ಬರೆದರೆ ಮುಗಿಯಿತು. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಅಂಗಗಳನ್ನು ಬೇರ್ಪಡಿಸುವುದನ್ನು ಕಲಿತಿದ್ದೆವು. ಈ ಹೋಲಿಕೆ ಇಲ್ಲಿಗೇ ಏಕೆ ಬಂತು ಎಂಬ ಪ್ರಶ್ನೆ ಮಾತ್ರ ನಮಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದ ಮೇಲೆ, ಬಳಗದ ನಾಲ್ಕೈದು ಮಂದಿ ಕೂಡಿ ಭಾನುವಾರಗಳಂದು 'ಒಡಿಸ್ಸಿ'ಯನ್ನು ಇಂಗ್ಲಿಷ್ ಅನುವಾದದಲ್ಲಿ ಓದತೊಡಗಿದಾಗ, ಎಂಟನೆಯ ಸರ್ಗದ ಕೊನೆಯಲ್ಲಿ ಆ ಪ್ರಶ್ನೆ ಎದುರು ನಿಂತಿತು.

ಪ್ರಸಂಗ ಇದು. ಒಡಿಸ್ಸಿಯಸ್ ತನ್ನ ಹೆಸರನ್ನು ಹೇಳಿಕೊಳ್ಳದೆ ಪರರಾಜನೊಬ್ಬನ ಸಭೆಯಲ್ಲಿ ಅತಿಥಿಯಾಗಿ ಕುಳಿತಿದ್ದಾನೆ. ಅಂಧ ಗಾಯಕ ಡೆಮೊಡೊಕಸನನ್ನು ಕರೆದು, ಮರದ ಕುದುರೆಯ ಕಥೆ ಹಾಡೆಂದು ತಾನೇ ಕೇಳುತ್ತಾನೆ. ಟ್ರಾಯ್ ನಗರವನ್ನು ಕೆಡವಿದ ಆ ಉಪಾಯದ ನಾಯಕ ಅವನೇ. ಹಾಡು ಮುಗಿಯುವಷ್ಟರಲ್ಲಿ ಅವನು ಅಳುತ್ತಿದ್ದಾನೆ. ಹೇಗೆ ಅಳುತ್ತಿದ್ದಾನೆ? ತನ್ನ ಊರನ್ನೂ ಮಕ್ಕಳನ್ನೂ ಕಾಯಲು ಹೋಗಿ ಕೋಟೆಯ ಮುಂದೆ ಬಿದ್ದ ಗಂಡನ ಮೈಮೇಲೆ ಕುಸಿದು ಗೋಳಾಡುವ ಹೆಂಗಸಿನಂತೆ. ಹಿಂದಿನಿಂದ ಶತ್ರುಗಳು ಭರ್ಜಿಗಳಿಂದ ಅವಳ ಬೆನ್ನಿಗೆ ತಿವಿಯುತ್ತ ದಾಸ್ಯಕ್ಕೆ ಎಳೆದೊಯ್ಯುತ್ತಿರುತ್ತಾರೆ. ಟ್ರಾಯ್‌ನ ಹೆಂಗಸರನ್ನು ಹೀಗೆ ಎಳೆದೊಯ್ದವರ ಸಾಲಿನಲ್ಲಿ ಒಡಿಸ್ಸಿಯಸನೇ ಇದ್ದ. ಉಪಮೇಯ ಗೆದ್ದವನು, ಉಪಮಾನ ಅವನಿಂದ ಸೋತವಳು. ಸಮಾನಧರ್ಮ ಕಣ್ಣೀರೊಂದೇ. ಕವಿ ಇದರ ಬಗ್ಗೆ ಒಂದು ಮಾತೂ ಆಡದೆ ಕಥೆಯನ್ನು ಮುಂದುವರಿಸುತ್ತಾನೆ. ನಾವು ಆ ಭಾನುವಾರ ಅಲ್ಲಿಂದ ಮುಂದೆ ಹೋಗಲಿಲ್ಲ.

ಹೋಮರನ ಕಾವ್ಯಗಳಲ್ಲಿ ಅಲಂಕಾರವೆಂಬುದು ಮೊದಲಿಗೆ ಹಾಡುಗಾರನ ಉಪಕರಣ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲಿ ಪ್ಯಾರಿಸ್ಸಿನಲ್ಲಿ ಮಂಡಿಸಿದ ಪ್ರಬಂಧಗಳಲ್ಲಿ ತೋರಿಸಿದ್ದು ಇದನ್ನೇ: ಅಕಿಲೀಸ್ ಸುಮ್ಮನೆ ಕುಳಿತಿದ್ದರೂ 'ವೇಗದ ಕಾಲಿನವನು' ಎನಿಸಿಕೊಳ್ಳುವುದು ಆರು ಗಣಗಳ ಸಾಲಿನಲ್ಲಿ ಆ ವಿಶೇಷಣ ಸರಿಯಾಗಿ ಕೂರುವುದರಿಂದ. ಬಳಿಕ 1933ರಿಂದ 1935ರವರೆಗೆ ಅವರು ಯುಗೊಸ್ಲಾವಿಯದ ಹಾಡುಗಾರರ ವೀರಗಾಥೆಗಳನ್ನು ಧ್ವನಿಮುದ್ರಿಸಿಕೊಂಡರು. ಅದೇ 1935ರಲ್ಲಿ, ಮೂವತ್ತಮೂರರ ವಯಸ್ಸಿಗೇ, ತೀರಿಕೊಂಡರು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಒಂದು ರಾತ್ರಿಯಾದರೂ ಕೇಳಿದವರಿಗೆ ಸಿದ್ಧ ನುಡಿಗಟ್ಟುಗಳ ಈ ಬಳಕೆ ಅಚ್ಚರಿಯೆನಿಸದು. ಆದರೆ ಉಪಮೆಗೆ ಈ ವಿವರಣೆ ಸಾಲದೆಂದು ನಮಗೆ ತೋರುತ್ತದೆ. 'ಇಲಿಯಡ್'ನ ಹನ್ನೆರಡನೆಯ ಸರ್ಗದಲ್ಲಿ ಎರಡೂ ಸೈನ್ಯಗಳು ಸಮಬಲವಾಗಿ ನಿಂತುದನ್ನು ಹೇಳಲು ಕವಿ, ಮಕ್ಕಳಿಗಾಗಿ ಅಲ್ಪ ಕೂಲಿ ಗಳಿಸಲು ತಕ್ಕಡಿಯಲ್ಲಿ ಉಣ್ಣೆ ತೂಗುವ ಬಡ ಹೆಂಗಸನ್ನು ತರುತ್ತಾನೆ. ಸಮತೂಕವನ್ನು ಹೇಳಲು ತಕ್ಕಡಿ ಸಾಕಿತ್ತು. ಕೂಲಿ, ಮಕ್ಕಳು ಬೇಕಿರಲಿಲ್ಲ. ವೀರರ ಕಾವ್ಯದಲ್ಲಿ ಜಾಗವಿಲ್ಲದವರು ಒಳಗೆ ಬರುವುದು ಉಪಮಾನದ ಬಾಗಿಲಿನಿಂದ.

ರುದ್ರನಾಟಕಕ್ಕೆ ಬಂದರೆ ಕಥೆ ಹೇಳುವ ಕವಿಯೇ ರಂಗದಲ್ಲಿಲ್ಲ. ಪಾತ್ರಗಳೂ ಮೇಳವೂ ಮಾತ್ರ. ಹಾಗಿದ್ದರೆ ಆ ಹೆಂಗಸು ಎಲ್ಲಿಗೆ ಹೋದಳು?

ಅಥೆನ್ಸ್‌ನ ಪ್ರೇಕ್ಷಕರ ಸಹನೆಗೆ ಒಂದು ಮಿತಿಯಿತ್ತು. ಪರ್ಷಿಯನ್ನರು ಕ್ರಿ.ಪೂ. 494ರಲ್ಲಿ ಮಿಲೆಟಸ್ ನಗರವನ್ನು ನಾಶಮಾಡಿದ ಬಳಿಕ ಫ್ರಿನಿಕಸ್ ಆ ದುರಂತವನ್ನೇ ನಾಟಕವಾಗಿಸಿದ. ರಂಗಮಂದಿರವೆಲ್ಲ ಅತ್ತಿತು, ತಮ್ಮವರ ದುಃಖವನ್ನು ನೆನಪಿಸಿದ್ದಕ್ಕಾಗಿ ಕವಿಗೆ ಸಾವಿರ ದ್ರಾಕ್ಮಾ ದಂಡ ಬಿತ್ತೆಂದು ಹೆರೊಡೊಟಸ್ ಬರೆದಿದ್ದಾನೆ. ಆ ನಾಟಕವನ್ನು ಮತ್ತೆ ಆಡಕೂಡದೆಂಬ ಆಜ್ಞೆಯೂ ಆಯಿತು. ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಬೇರೆ ದಾರಿ ಹಿಡಿದ. ಸಲಾಮಿಸ್ ಕದನ ಮುಗಿದು ಎಂಟೇ ವರ್ಷ. ಅಲ್ಲಿ ಹುಟ್ಟು ಹಾಕಿದವರು ಪ್ರೇಕ್ಷಕರಲ್ಲೇ ಇದ್ದಿರಬೇಕು. ಅವರ ಮುಂದೆ ಅವನು ತೋರಿಸಿದ್ದು ಗೆದ್ದ ಅಥೆನ್ಸನ್ನಲ್ಲ, ಸೋತ ಪರ್ಷಿಯದ ಅರಮನೆಯನ್ನು. 'ಇಲಿಯಡ್'ನ ಎರಡನೆಯ ಸರ್ಗದಲ್ಲಿ ಹಡಗುಗಳ ಉದ್ದನೆಯ ಪಟ್ಟಿ ಬರುತ್ತದೆ: ಯಾರು, ಎಲ್ಲಿಂದ, ಎಷ್ಟು ಹಡಗು. ಅದು ಹೊರಟ ಸೈನ್ಯದ ವೈಭವ. ಈಸ್ಕಿಲಸನ ದೂತ ಅದೇ ಪಟ್ಟಿಯ ತಂತ್ರವನ್ನು ಬಳಸುತ್ತಾನೆ, ಆದರೆ ಅವನು ಹೇಳುವುದು ಸತ್ತ ಪರ್ಷಿಯನ್ ನಾಯಕರ ಹೆಸರುಗಳನ್ನು. ಅಥೆನ್ಸಿನವರು ಯಾರಿಗೂ ದಾಸರಲ್ಲ ಎಂಬ ಹೆಮ್ಮೆಯ ಮಾತೂ ನಾಟಕದಲ್ಲಿದೆ; ಈಸ್ಕಿಲಸನನ್ನು ಯುದ್ಧವಿರೋಧಿಯೆಂದು ಕರೆಯಲು ನಾವು ಸಿದ್ಧರಿಲ್ಲ. ಹಾಗಿದ್ದೂ ಕೊನೆಯಲ್ಲಿ ಹರಿದ ಬಟ್ಟೆಯ ಕ್ಸರ್ಕ್ಸೀಸ್ ಮತ್ತು ಮೇಳದ ಮುದುಕರು ಒಬ್ಬರಿಗೊಬ್ಬರು ದನಿಗೂಡಿಸುತ್ತ ಅಳುವಾಗ ರಂಗದಲ್ಲಿ ಉಳಿದಿರುವುದು ಅಳು ಮಾತ್ರ. ಬಿ.ಎಂ.ಶ್ರೀ. 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಈ ನಾಟಕವನ್ನೇ. ಅವರ 'ಅಶ್ವತ್ಥಾಮನ್' ಬಗ್ಗೆ ನಡೆದಷ್ಟು ಚರ್ಚೆ ಇದರ ಬಗ್ಗೆ ನಮ್ಮ ಕಿವಿಗೆ ಬಿದ್ದಿಲ್ಲ.

ಹೋಮರನ ಉಪಮಾನದ ಆ ಹೆಂಗಸು ನಿಜವಾಗಿ ರಂಗಕ್ಕೆ ಬಂದದ್ದು ಕ್ರಿ.ಪೂ. 415ರಲ್ಲಿ, ಯೂರಿಪಿಡೀಸನ 'ಟ್ರಾಯ್‌ನ ಹೆಂಗಸರು' ನಾಟಕದಲ್ಲಿ. ಇಲ್ಲಿ ಅವಳಿಗೆ ಹೆಸರಿದೆ. 'ಇಲಿಯಡ್'ನ ಆರನೆಯ ಸರ್ಗದಲ್ಲಿ ಹೆಕ್ಟರ್ ತನ್ನ ಹೆಂಡತಿ ಆಂಡ್ರೊಮಕೆಗೆ, ನೀನು ಪರರ ಮನೆಯಲ್ಲಿ ಮಗ್ಗದ ಮುಂದೆ ಕೂರಬೇಕಾದೀತು, ನೀರು ಹೊರಬೇಕಾದೀತು ಎಂಬ ಭಯವನ್ನು ಹೇಳಿಕೊಂಡಿದ್ದ; ಈಗ ಅವಳು ಅಕಿಲೀಸನ ಮಗನ ಪಾಲಾಗಿದ್ದಾಳೆ. ಅವಳ ಎಳೆಯ ಮಗುವನ್ನು ಕೋಟೆಯಿಂದ ಕೆಳಗೆ ಎಸೆಯುತ್ತಾರೆ. ಹೆಣ ಬರುವುದು ಹೆಕ್ಟರನ ಗುರಾಣಿಯ ಮೇಲೆ. ಮುದಿ ರಾಣಿ ಹೆಕ್ಯುಬ ದಾಸಿಯಾಗಿ ಹೋಗಬೇಕಾದದ್ದು ಯಾರ ಮನೆಗೆ? ಒಡಿಸ್ಸಿಯಸನ ಮನೆಗೆ. 'ಒಡಿಸ್ಸಿ'ಯ ಎಂಟನೆಯ ಸರ್ಗವನ್ನು ಬಲ್ಲ ಪ್ರೇಕ್ಷಕನಿಗೆ ಇದು ಹೇಗೆ ಕೇಳಿಸಿರಬಹುದು ಎಂದು ನಾವು ಬಹಳ ಹೊತ್ತು ಮಾತಾಡಿಕೊಂಡೆವು.

ಮತ್ತು ಆ ಪ್ರೇಕ್ಷಕ ಯಾರು? ಅದರ ಹಿಂದಿನ ವರ್ಷ ಅಥೆನ್ಸ್ ಪುಟ್ಟ ಮೆಲೋಸ್ ದ್ವೀಪವನ್ನು ಮುತ್ತಲು ಸೇನೆ ಕಳಿಸಿತ್ತು. ದ್ವೀಪ ಶರಣಾದ ಮೇಲೆ ಸಿಕ್ಕ ವಯಸ್ಕ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿತು. ಥ್ಯುಸಿಡಿಡೀಸ್ ಇದನ್ನು ಒಂದೆರಡು ವಾಕ್ಯಗಳಲ್ಲಿ ದಾಖಲಿಸುತ್ತಾನೆ. ಯೂರಿಪಿಡೀಸ್ ಮೆಲೋಸ್‌ನ ಹೆಸರನ್ನೇ ಎತ್ತುವುದಿಲ್ಲ. ಅದಕ್ಕಾಗಿಯೇ ಈ ನಾಟಕ ಬರೆದನೇ ಎಂಬ ವಾದ ಇನ್ನೂ ನಿಂತಿಲ್ಲ. ಅಂದು ಕುಳಿತು ನೋಡಿದವರಲ್ಲಿ ಮೆಲೋಸ್‌ಗೆ ಹೋಗಿ ಬಂದ ಸೈನಿಕರು ಇದ್ದಿರಲಾರರೆಂದು ನಂಬುವುದು ಮಾತ್ರ ಕಷ್ಟ.

ಅದೇ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಯುದ್ಧನೌಕೆಗಳು ಸಿಸಿಲಿಯನ್ನು ಗೆಲ್ಲಲು ಹೊರಟವು. ಆ ವರ್ಷದ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಸಿಕ್ಕಿದ್ದು ಎರಡನೆಯ ಸ್ಥಾನ. ಮೊದಲನೆಯದು ಕ್ಸೆನೊಕ್ಲಿಸ್ ಎಂಬುವನಿಗೆ. ಅವನ ಒಂದು ನಾಟಕವೂ ಉಳಿದು ಬಂದಿಲ್ಲ.