ಹರಿವಾಣ ಮತ್ತು ಹುಂಡಿ: ಯೆಹೂದಿ ದಾನವಿಧಿಯಲ್ಲಿ ‘ಈಗ’ ಎಂಬುದರ ಅಳತೆ

ಯೆಹೂದಿ ಪಂಡಿತ ಹಿಲ್ಲೆಲನ ಹೆಸರಿನಲ್ಲಿ ಮೂರು ಪ್ರಶ್ನೆಗಳು ನೀತಿಸೂಕ್ತಿಗಳ ಸಂಗ್ರಹವಾದ ‘ಪಿರ್ಕೆ ಅವೋತ್’ನ ಮೊದಲ ಅಧ್ಯಾಯದಲ್ಲಿವೆ. ಒಂದು ತನ್ನ ಹಿತವನ್ನು ತಾನೇ ನೋಡಿಕೊಳ್ಳುವುದರ ಬಗ್ಗೆ, ಇನ್ನೊಂದು ತನಗಾಗಿ ಮಾತ್ರ ಬದುಕುವುದರ ಬಗ್ಗೆ, ಕೊನೆಯದು ಕಾಲದ ಬಗ್ಗೆ: ಈಗಲ್ಲದಿದ್ದರೆ ಯಾವಾಗ? ಈ ಕೊನೆಯದನ್ನು ಸಭೆಗಳಲ್ಲಿ ಹುರುಪು ತುಂಬುವ ಮಾತಾಗಿ ಬಳಸುವುದೇ ಹೆಚ್ಚು. ಮೊದಲೆರಡರ ಜಗಳ ಬಿಡಿಸುವ ಪ್ರಶ್ನೆ ಅದು ಎಂದು ನನ್ನ ಓದು. ಇದಕ್ಕೆ ಆಧಾರ ನನಗೆ ಕಂಡದ್ದು ನೀತಿಬೋಧೆಯಲ್ಲಲ್ಲ, ದಾನ ಎತ್ತುವ, ಹಂಚುವ ಒಣ ನಿಯಮಗಳಲ್ಲಿ.

ಯೆಹೂದಿ ಧರ್ಮವಿಧಿಗಳ ಚರ್ಚೆಯ ಮೂಲಗ್ರಂಥವಾದ ತಾಲ್ಮುಡ್ ಪ್ರಕಾರ ಮನೆಯವರು ಮೊದಲು, ಊರಿನ ಬಡವರು ಆಮೇಲೆ, ಪರಊರಿನವರು ಕೊನೆಗೆ. ಸರದಿ ಸ್ಪಷ್ಟ. ಆದರೆ ಅದೇ ತಾಲ್ಮುಡ್‌ನ ‘ಬಾವಾ ಬಾತ್ರಾ’ ಭಾಗ ಎರಡು ಏರ್ಪಾಡುಗಳನ್ನು ಹೇಳುತ್ತದೆ. ‘ಕುಪ್ಪಾ’ ಎಂದರೆ ಪೆಟ್ಟಿಗೆ, ನಮ್ಮ ಹುಂಡಿಯಂಥದ್ದು. ಶುಕ್ರವಾರದಿಂದ ಶುಕ್ರವಾರಕ್ಕೆ, ಊರಿನ ಬಡವರಿಗೆ ಮಾತ್ರ. ‘ತಮ್ಹೂಯ್’ ಎಂದರೆ ಹರಿವಾಣ. ದಿನದಿನವೂ, ಯಾವ ಊರಿನ ಬಡವನೇ ಬರಲಿ, ಅವನಿಗೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ, ತಾಲ್ಮುಡ್‌ಗೆ ಆಧಾರವಾದ ವಿಧಿಸಂಗ್ರಹ ಮಿಶ್ನಾದ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಎರಡು ಊಟಕ್ಕಾಗುವಷ್ಟು ಇದ್ದವನು ಹರಿವಾಣಕ್ಕೆ ಕೈಯೊಡ್ಡಬಾರದು, ಹದಿನಾಲ್ಕು ಊಟಕ್ಕಾಗುವಷ್ಟು ಇದ್ದವನು ಹುಂಡಿಗೆ. ಅಂದರೆ ಅಗತ್ಯ ಒಂದು ವಾರದ್ದಾದರೆ ಊರು ಯಾವುದೆಂದು ಕೇಳುತ್ತಾರೆ, ಇವತ್ತಿನದಾದರೆ ಕೇಳುವುದಿಲ್ಲ. ಬಟ್ಟೆ ಬೇಡಿದವನನ್ನು ವಿಚಾರಿಸಬೇಕು, ಅನ್ನ ಬೇಡಿದವನನ್ನು ವಿಚಾರಿಸಬಾರದು ಎಂಬ ತಾಲ್ಮುಡ್ ಪಂಡಿತ ರಾವ್ ಯೆಹೂದಾನ ಮತವೂ ಇದೇ ಜಾಡಿನದು. ರಾವ್ ಹೂನಾ ತದ್ವಿರುದ್ಧವಾಗಿ ವಾದಿಸಿದ್ದ; ಅವನ ಮತ ನಿಲ್ಲಲಿಲ್ಲ.

ತಾಲ್ಮುಡ್‌ನ ‘ತಾನಿತ್’ ಭಾಗದಲ್ಲಿ ಬರುವ ನಾಹುಮನೆಂಬ ಪಂಡಿತನ ಕಥೆಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಮಾವನ ಮನೆಗೆ ಹೊರಟಿದ್ದ ಅವನ ಜತೆ ಮೂರು ಕತ್ತೆಗಳು: ಒಂದರ ಮೇಲೆ ಅನ್ನ, ಒಂದರ ಮೇಲೆ ಪಾನೀಯ, ಇನ್ನೊಂದರ ಮೇಲೆ ಬಗೆಬಗೆಯ ತಿನಿಸು. ದಾರಿಯಲ್ಲೊಬ್ಬ ಬಡವ ಅಡ್ಡ ನಿಂತು ತಿನ್ನಲು ಕೇಳಿದ. ಕತ್ತೆಯ ಹೊರೆ ಇಳಿಸುವ ತನಕ ತಾಳು ಎಂದ ನಾಹುಮ. ಹೊರೆ ಇಳಿಯುವಷ್ಟರಲ್ಲಿ ಬಡವನ ಪ್ರಾಣ ಹೋಗಿತ್ತು. ನಾಹುಮ ಹೆಣದ ಮೇಲೆ ಬಿದ್ದು ತನ್ನ ಕಣ್ಣು, ಕೈ, ಕಾಲುಗಳಿಗೆ ತಾನೇ ಶಾಪ ಹಾಕಿಕೊಂಡ. ಸಾಮಾನ್ಯವಾಗಿ ಇದನ್ನು ಅತಿಯಾದ ಪಶ್ಚಾತ್ತಾಪದ ಕಥೆ ಎಂದು ದಾಟಿಸಿಬಿಡುತ್ತಾರೆ. ಗಮನಿಸಬೇಕಾದದ್ದು ಬೇರೆ. ಅವನು ಇಲ್ಲ ಎನ್ನಲಿಲ್ಲ. ಹೊರೆ ಹೊರಟಿದ್ದದ್ದು ನೆಂಟರ ಮನೆಗೆ. ಸರದಿಯ ನಿಯಮ ಅವನ ಪರವಾಗಿಯೇ ಇತ್ತು. ತಪ್ಪಿದ್ದು ಹೊರೆ ಇಳಿಸುವಷ್ಟು ಹೊತ್ತು ಮಾತ್ರ.

ನನ್ನ ಓದಿಗೆ ಒಂದು ತೊಡಕಿದೆ. ಹೊಸದಾಗಿ ಬಂದು ನೆಲೆಸಿದವನು 30 ದಿನಕ್ಕೆ ಹರಿವಾಣಕ್ಕೂ ಮೂರು ತಿಂಗಳಿಗೆ ಹುಂಡಿಗೂ ಕೊಡಬೇಕು ಎನ್ನುತ್ತದೆ ‘ಬಾವಾ ಬಾತ್ರಾ’. ತುರ್ತಿನದು ಮೊದಲು ಎಂಬ ನನ್ನ ವಾದಕ್ಕೆ ಇದು ಅನುಕೂಲ. ಆದರೆ 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ತನ್ನ ವಿಧಿಸಂಗ್ರಹ ‘ಮಿಶ್ನೆ ತೋರಾ’ದಲ್ಲಿ ಈ ಕ್ರಮವನ್ನು ತಿರುಗಿಸಿ ಬರೆಯುತ್ತಾನೆ: ಹುಂಡಿಗೆ 30 ದಿನ, ಹರಿವಾಣಕ್ಕೆ ಮೂರು ತಿಂಗಳು. ಬರಿಯ ಪಾಠಾಂತರ ಇರಬಹುದು. ಆದರೂ ಅದೇ ಅಧ್ಯಾಯದಲ್ಲಿ ಅವನು ಕೊಡುವ ಇನ್ನೊಂದು ಸಾಕ್ಷ್ಯವನ್ನು ಇದರ ಪಕ್ಕದಲ್ಲಿಡಬೇಕಾಗುತ್ತದೆ: ಹುಂಡಿಯಿಲ್ಲದ ಯೆಹೂದಿ ಸಮುದಾಯವನ್ನು ಅವನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ, ಹರಿವಾಣವಾದರೋ ಕೆಲವು ಊರುಗಳಲ್ಲಿತ್ತು, ಕೆಲವು ಊರುಗಳಲ್ಲಿ ಇರಲಿಲ್ಲ.