ಕಾಲೇಜಿನಿಂದ ಕಚೇರಿಗೆ: ಬ್ಯಾಟರಾಯನಪುರಕ್ಕೆ ಬರುವ ಇಂಟರ್ನ್‌ಗಳು ತಿಳಿದಿರಬೇಕಾದದ್ದು

ಬೆಂಗಳೂರು: ಪದವಿ ಇನ್ನೂ ಕೈಸೇರಿಲ್ಲ, ಆದರೆ ಬೆಳಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ಹಾಜರಿರಬೇಕು. ಪೂರ್ಣಾವಧಿ ಇಂಟರ್ನ್‌ಶಿಪ್‌ಗೆಂದು ಊರು ಬಿಟ್ಟು ರಾಜಧಾನಿಗೆ ಬರುವವರು ಕಾಲೇಜಿನ ಪಾಲಿಗೆ ವಿದ್ಯಾರ್ಥಿಗಳು, ಕಚೇರಿಯ ಪಾಲಿಗೆ ಕೆಲಸಗಾರರು. ಎರಡೂ ಕಡೆಯ ಹೊಣೆ ಅವರ ಮೇಲಿರುತ್ತದೆ. ಎರಡೂ ಕಡೆಯ ಸೌಲಭ್ಯ ಮಾತ್ರ ಪೂರ್ತಿಯಾಗಿ ದೊರೆಯುವುದಿಲ್ಲ. ಆದ್ದರಿಂದ ಹೊಸ ಊರಿಗೆ ಹೊಂದಿಕೊಳ್ಳಲು ಮನೋಬಲದಷ್ಟೇ ಕಾಗದಪತ್ರ, ವಾಸ ಹಾಗೂ ಖರ್ಚಿನ ಪೂರ್ವಸಿದ್ಧತೆಯೂ ಅಗತ್ಯ.

ಇಂಟರ್ನ್‌ಶಿಪ್ ಈಗ ಐಚ್ಛಿಕವಾಗಿ ಉಳಿದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷಕ್ಕೆ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಸೇರಿದೆ. ಅಂದರೆ ಸುಮಾರು ಮೂರರಿಂದ ನಾಲ್ಕೂವರೆ ತಿಂಗಳ ಕಾಲ ವಿದ್ಯಾರ್ಥಿ ತರಗತಿಯಿಂದ ದೂರವಿರಬೇಕಾಗುತ್ತದೆ.

ಬ್ಯಾಟರಾಯನಪುರವೇ ಏಕೆ?

ಹೆಬ್ಬಾಳ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗಿದರೆ ಬ್ಯಾಟರಾಯನಪುರ ಸಿಗುತ್ತದೆ. ಪ್ರತ್ಯೇಕ ನಗರಸಭೆಯಾಗಿದ್ದ ಈ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಮರುವರ್ಷ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ರಸ್ತೆಯ ಇಕ್ಕೆಲಗಳ ಚಹರೆಯೇ ಬದಲಾಯಿತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ಗೆ ಹೋಗಿಬರುವವರಿಗೂ ಈ ಭಾಗ ಹತ್ತಿರ. ಹೀಗಾಗಿ ಬ್ಯಾಟರಾಯನಪುರದ ಜತೆಗೆ ಸಹಕಾರನಗರ, ಕೊಡಿಗೇಹಳ್ಳಿ, ಅಮೃತಹಳ್ಳಿಗಳಲ್ಲೂ ಪಿಜಿಗಳು ತಲೆ ಎತ್ತಿವೆ. ಗುಂತಕಲ್ ಮಾರ್ಗವಾಗಿ ಬರುವ ರಾಯಚೂರು, ಕಲಬುರಗಿ ಕಡೆಯವರು ಮೆಜೆಸ್ಟಿಕ್‌ವರೆಗೆ ಹೋಗದೆ, ತಮ್ಮ ರೈಲಿಗೆ ನಿಲುಗಡೆ ಇದ್ದಲ್ಲಿ ಯಲಹಂಕದಲ್ಲೇ ಇಳಿಯಬಹುದು.

ಹಣದ ಲೆಕ್ಕ

ಮೊದಲು ಅರಿಯಬೇಕಾದದ್ದು ಸ್ಟೈಪೆಂಡ್ ವಿಚಾರ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರಿಗೆ ಕನಿಷ್ಠ ಸ್ಟೈಪೆಂಡ್ ನಿಗದಿಯಾಗಿದೆ. ಪಠ್ಯಕ್ರಮದ ಭಾಗವಾಗಿ ಬರುವ ಇಂಟರ್ನ್‌ಗೆ ಸಾಮಾನ್ಯವಾಗಿ ಈ ಕಾಯ್ದೆ ಅನ್ವಯಿಸದು; ಎಷ್ಟು ಕೊಡಬೇಕು, ಕೊಡಬೇಕೇ ಬೇಡವೇ ಎಂಬುದು ಕಂಪನಿಯ ತೀರ್ಮಾನ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂ. ನಿಗದಿಯಾಗಿತ್ತು. ಆದರೆ ಆಗ ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಅದರಲ್ಲಿ ಅವಕಾಶವಿರಲಿಲ್ಲ. ಅರ್ಜಿ ಹಾಕುವ ಮುನ್ನ ಹೊಸ ನಿಯಮ ನೋಡಿಕೊಳ್ಳುವುದು ಲೇಸು.

ಸ್ಟೈಪೆಂಡ್ ಕೈಗೆ ಬರುವುದು ಸಾಮಾನ್ಯವಾಗಿ ತಿಂಗಳು ಮುಗಿದ ಬಳಿಕ. ಪಿಜಿಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಪ್ರಯಾಣ ವೆಚ್ಚ ಅದಕ್ಕೂ ಮುಂಚೆಯೇ ಆಗಬೇಕು. ಆದಕಾರಣ ಎರಡು ತಿಂಗಳ ಖರ್ಚನ್ನು ಮನೆಯಿಂದಲೇ ಹೊಂದಿಸಿಕೊಂಡು ಹೊರಡುವುದು ಕ್ಷೇಮ.

ವಾಸ ಮತ್ತು ಓಡಾಟ

ಅಂದಿನ ಪಾಲಿಕೆ 2024ರ ಆಗಸ್ಟ್‌ನಲ್ಲಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತ್ತು. ಪ್ರತಿಯೊಬ್ಬ ನಿವಾಸಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಪ್ರವೇಶದ್ವಾರದಲ್ಲಿ ಸಿಸಿಟಿವಿ ಕ್ಯಾಮೆರಾ ಅದರ ಮುಖ್ಯ ಅಂಶಗಳು. ಕೋಣೆ ನೋಡುವಾಗ ಈ ಅಳತೆಗಳನ್ನು ಮುಂದಿಟ್ಟು ಪ್ರಶ್ನಿಸಬಹುದು. ಮುಂಗಡ ಯಾವಾಗ, ಎಷ್ಟು ಕಡಿತವಾಗಿ ಮರಳುತ್ತದೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಬಾಯಿಮಾತು ಬಿಡುವ ದಿನ ನೆರವಿಗೆ ಬಾರದು.

ನಕ್ಷೆಯಲ್ಲಿ ಹತ್ತಿರ ಕಾಣುವ ಕಚೇರಿ ಹೆಬ್ಬಾಳದ ದಟ್ಟಣೆಯಲ್ಲಿ ದೂರವಾಗುತ್ತದೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣ ಮೆಟ್ರೊ ಮಾರ್ಗದ ಕಾಮಗಾರಿಯೂ ನಡೆದಿದೆ. ಕೆಲಸದ ದಿನವೊಂದರಂದು ಬೆಳಗಿನ ಹೊತ್ತಿನಲ್ಲೇ ಒಮ್ಮೆ ಹೋಗಿಬಂದು ಸಮಯ ಅಳೆದ ಬಳಿಕ ಪಿಜಿ ಆರಿಸುವುದು ಸೂಕ್ತ. 2025ರ ಜನವರಿಯ ದರ ಪರಿಷ್ಕರಣೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್‌ಗಳ ಮಾಸಿಕ ಪಾಸ್ 1,200 ರೂ.ಗೆ ಏರಿತು. ರಾಜ್ಯದ ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ಹವಾನಿಯಂತ್ರಿತ ಬಸ್‌ಗಳಿಗೆ ಅದು ಅನ್ವಯಿಸದು.

ಕಚೇರಿಯೊಳಗೆ

ತರಗತಿಯಲ್ಲಿ ಪಾಠ ತಾನಾಗಿ ಬರುತ್ತದೆ. ಕಚೇರಿಯಲ್ಲಿ ಕೇಳಿ ಪಡೆಯಬೇಕು. ಮೊದಲ ವಾರಗಳಲ್ಲಿ ಕೆಲಸವೇ ಸಿಗದಿರುವುದೂ, ಸಿಕ್ಕಿದ್ದು ಅರ್ಥವಾಗದಿರುವುದೂ ಸಹಜ. ದಿನದ ಕೊನೆಗೆ ಮಾಡಿದ ಕೆಲಸವನ್ನು ನಾಲ್ಕು ಸಾಲಿನಲ್ಲಿ ದಾಖಲಿಸಿಟ್ಟರೆ ಮಾರ್ಗದರ್ಶಕರ ಮುಂದೆ ಪ್ರಶ್ನೆ ಕೇಳಲು ಸುಲಭ. ಕಾಲೇಜಿಗೆ ಸಲ್ಲಿಸುವ ವರದಿಗೂ ಅದೇ ಆಧಾರ. ಸೇರುವ ಮುನ್ನ ಅವಧಿ, ಕೆಲಸದ ವೇಳೆ, ಸ್ಟೈಪೆಂಡ್, ಪರೀಕ್ಷೆಗೆ ರಜೆ ಮತ್ತು ಕೊನೆಯಲ್ಲಿ ಪ್ರಮಾಣಪತ್ರ, ಈ ಐದೂ ಪತ್ರದಲ್ಲಿ ಇವೆಯೇ ಎಂದು ನೋಡಬೇಕು. ಕಾಲೇಜಿನ ಅನುಮತಿ ಪತ್ರದ ಪ್ರತಿಯೂ ಬಳಿ ಇರಲಿ.

ಇಂಟರ್ನ್ ಎಂದ ಮಾತ್ರಕ್ಕೆ ಕಾನೂನಿನ ರಕ್ಷಣೆ ಇಲ್ಲವೆಂದು ಭಾವಿಸಬೇಕಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ತರಬೇತಿಯಲ್ಲಿರುವವರನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಸಂಬಳವಿಲ್ಲದಿದ್ದರೂ ಅದು ಅನ್ವಯ. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಕಡ್ಡಾಯ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು.

ಒಂಟಿತನ, ನಿದ್ರಾಹೀನತೆ, ಮನೆಯ ನೆನಪು ಕಾಡುವುದು ದೌರ್ಬಲ್ಯವಲ್ಲ. ವಾರಗಟ್ಟಲೆ ಮುಂದುವರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಹೊಂದಿಕೆಯಾಗದಿದ್ದಲ್ಲಿ ಏಕಾಏಕಿ ಬಿಟ್ಟು ಊರಿಗೆ ಮರಳುವ ಬದಲು ಮೊದಲು ಕಾಲೇಜಿನ ಸಂಯೋಜಕರಿಗೆ ತಿಳಿಸುವುದು ಒಳಿತು. ಅರ್ಧಕ್ಕೆ ನಿಂತ ಇಂಟರ್ನ್‌ಶಿಪ್ ಅಂತಿಮ ವರ್ಷದ ಫಲಿತಾಂಶವನ್ನೇ ತಡೆಹಿಡಿಯಬಲ್ಲದು.